ಕೈ ನಂದು

ಓಬಳೇಶ ಮೈಕು ಎಸೆದದ್ದನ್ನು ನಾನು ನೋಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಹೇಳಬೇಕಾದ ಜಾಗದಲ್ಲಿ, ಹೇಳಬೇಕಾದ ದಿನ ನಾನು ಹೇಳಲಿಲ್ಲ.

ನನ್ನ ಹೆಸರು ಸಿದ್ದಲಿಂಗೇಶ್. ಚಳ್ಳಕೆರೆಯಲ್ಲಿ ನಮ್ಮದೊಂದು ಶೇಂಗಾ ಎಣ್ಣೆ ಮಿಲ್ಲಿದೆ. ಅದರ ಮಹಡಿಯ ಮೇಲೆ ಹಿಂದೆ ಖಾಲಿ ಡಬ್ಬ ಪೇರಿಸಿಡುತ್ತಿದ್ದ ಕೋಣೆಯನ್ನು ಅಪ್ಪನ ಕೈಕಾಲು ಹಿಡಿದು ನಾನು ಸ್ಟುಡಿಯೋ ಮಾಡಿಕೊಂಡಿದ್ದೆ. ಸ್ಟುಡಿಯೋ ಅಂದರೆ ಒಂದು ಕಂಪ್ಯೂಟರು, ಒಂದು ಒಳ್ಳೆಯ ಮೈಕು, ಸದ್ದು ಗೋಡೆಗೆ ಬಡಿದು ವಾಪಸು ಬರದಂತೆ ನಾಲ್ಕೂ ಕಡೆ ಹೊಡೆದ ಕಂಬಳಿಗಳು. ಚಳ್ಳಕೆರೆಯಲ್ಲಿ ಕಂಬಳಿಗೇನೂ ಕೊರತೆಯಿಲ್ಲ. ಮದುವೆ ವಿಡಿಯೋಗಳಿಗೆ ಹಾಡು ಕೂಡಿಸುವುದು, ಪ್ರಚಾರದ ಆಟೋಗಳಿಗೆ ಮಾತು ರೆಕಾರ್ಡ್ ಮಾಡಿಕೊಡುವುದು ನನ್ನ ಕೆಲಸ. ಮನಸ್ಸಿಟ್ಟು ಮಾಡುತ್ತಿದ್ದ ಕೆಲಸ ಒಂದೇ, ಓಬಳೇಶನ ರ‍್ಯಾಪಿಗೆ ತಾಳ ಕಟ್ಟುವುದು.

ಓಬಳೇಶ ಕೊಂಡ್ಲಹಳ್ಳಿಯವನು. ಡಿಗ್ರಿಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನು ಸಣ್ಣವನಿದ್ದಾಗಲೇ ಅಪ್ಪ ತೀರಿಹೋಗಿದ್ದ. ಅವ್ವ ಹೊನ್ನಕ್ಕ ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಎರಡೂ ಅವನ ನಾಲಿಗೆ ಮೇಲೆ ಒಂದೇ ಓಟದಲ್ಲಿ ಓಡುತ್ತಿದ್ದವು. ಮೊಳಕಾಲ್ಮುರಿನಲ್ಲಿ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಗಣಪತಿ ಕೂರಿಸುವ ಕಾಲ ಬಂತೆಂದರೆ ಸುತ್ತಿನ ಹಳ್ಳಿಗಳ ಹುಡುಗರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು.

ಅವನಿಗೆ ಮೊದಲ ಸಲ ಮೈಕು ಕೊಟ್ಟವನು ಬಿ.ಜಿ. ಕೆರೆಯ ಬೊಮ್ಮಣ್ಣ. ಬೊಮ್ಮಣ್ಣ ನಮ್ಮ ಕಡೆಯ ಮೈಕ್‌ಸೆಟ್ಟಿನವನು. ಮದುವೆಗೂ ಅವನೇ, ತಿಥಿಗೂ ಅವನೇ, ಚುನಾವಣೆಗೂ ಅವನೇ. ಕಂಬ ಹತ್ತಿ ಹಾರ್ನ್ ಕಟ್ಟಿ, ಕೆಳಗಿಳಿದು, ಕಣ್ಣು ಮುಚ್ಚಿ ಒಂದು ನಿಮಿಷ ಕೇಳಿ, ಮತ್ತೆ ಹತ್ತಿ ಒಂದು ಗೇಣು ತಿರುಗಿಸುವ ಆಸಾಮಿ. ಯಾವುದೋ ಮದುವೆಯಲ್ಲಿ ಹತ್ತನೇ ಕ್ಲಾಸಿನ ಓಬಳೇಶ ಮೈಕಿನ ಸುತ್ತ ಸುಳಿದಾಡುವುದನ್ನು ನೋಡಿ, ಊಟದ ಪಂಕ್ತಿ ಏಳುವವರೆಗೆ ಏನಾದರೂ ಒದರು ಅಂತ ಕೊಟ್ಟಿದ್ದನಂತೆ. ಇದನ್ನು ಓಬಳೇಶ ಪ್ರತಿ ಕಾರ್ಯಕ್ರಮದಲ್ಲೂ ಹೇಳುತ್ತಿದ್ದ.

ಆವತ್ತು ಮೊಳಕಾಲ್ಮುರಿನಲ್ಲಿ ರಾಜ್ಯೋತ್ಸವ. ಮಧ್ಯಾಹ್ನ ನಾಲ್ಕರ ಹೊತ್ತು. ಓಬಳೇಶ ಮೂರನೇ ಹಾಡಿನ ಅರ್ಧದಲ್ಲಿದ್ದ. ಭಾಷಣಕ್ಕೆ ಬರಬೇಕಾದ ಅತಿಥಿಗಳು ತಡವಾಗಿ ಬಂದರು. ಕಾರ್ಯಕ್ರಮ ನಡೆಸುತ್ತಿದ್ದ ಸಂಘದವರು ಹಾಡು ನಿಲ್ಲಿಸಲು ಬೊಮ್ಮಣ್ಣನಿಗೆ ಕೈಸನ್ನೆ ಮಾಡಿದರು. ಅವನು ಮೈಕು ಬಂದ್ ಮಾಡಿದ. ಅದು ಗೊತ್ತಾಗದೆ ಓಬಳೇಶ ಇನ್ನೂ ಹಾಡುತ್ತಲೇ ಇದ್ದ. ಬಾಯಿ ಆಡುತ್ತಿದೆ, ಕೈ ಆಡುತ್ತಿದೆ, ಸದ್ದಿಲ್ಲ. ಜನ ನಗತೊಡಗಿದರು. ಯಾರೋ ಸಿಳ್ಳೆ ಹೊಡೆದರು. ಓಬಳೇಶ ತಿರುಗಿ ನೋಡಿದ. ಬೊಮ್ಮಣ್ಣ ಎರಡು ಬೆರಳೆತ್ತಿ, ಎರಡು ನಿಮಿಷ ತಡಿ ಅಂತ ಸನ್ನೆ ಮಾಡಿದ.

ನಾನು ವೇದಿಕೆಯ ಎಡಗಡೆ ಮೆಟ್ಟಿಲ ಮೇಲಿದ್ದೆ. ಓಬಳೇಶನ ತೋಳು ಹಿಂದಕ್ಕೆ ಹೋಯಿತು. ಹಣ್ಣು ಕೆಡವಲು ಮರಕ್ಕೆ ಕಲ್ಲು ಬೀಸುವಾಗ ಹೋಗುತ್ತದಲ್ಲ, ಹಾಗೆ. ವೈರು ಕಿತ್ತು ಬಂತು. ಬೊಮ್ಮಣ್ಣ ನೇರವಾಗಿ ಅವನ ಕಡೆಗೇ ನೋಡುತ್ತಿದ್ದ.

ಎಡಗಣ್ಣು ಉಳಿಯಲಿಲ್ಲ. ದಾವಣಗೆರೆಗೆ ಒಯ್ದರು, ಆಪರೇಷನ್ ಆಯಿತು, ಆದರೂ ಉಳಿಯಲಿಲ್ಲ.

ಮಾರನೇ ದಿನ ಪೊಲೀಸರು ನನ್ನನ್ನು ಕೇಳಿದಾಗ ನಾನು ಕಂಡದ್ದನ್ನೇ ಹೇಳಿದೆ. ಬರೆದುಕೊಂಡರು. ಸರ್ಕಾರದ ಕಡೆಯ ನಾಲ್ಕನೇ ಸಾಕ್ಷಿಯಾದೆ. ಓಬಳೇಶ ಹತ್ತೊಂಬತ್ತು ದಿನ ದುರ್ಗದ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಗೆ ಬಂದ. ಪ್ರತಿ ಭಾನುವಾರ ಠಾಣೆಗೆ ಬಂದು ಸಹಿ ಹಾಕಬೇಕು, ಜಿಲ್ಲೆ ದಾಟಬಾರದು, ಬೊಮ್ಮಣ್ಣನನ್ನಾಗಲಿ ಸಾಕ್ಷಿಗಳನ್ನಾಗಲಿ ಭೇಟಿ ಮಾಡಬಾರದು ಅಂತ ಷರತ್ತು. ಅಂದರೆ ನನ್ನನ್ನೂ.

ಬಂದ ನಾಲ್ಕನೇ ದಿನಕ್ಕೇ ಮಿಲ್ಲಿನ ಹಿಂದಿನ ಗೇಟಿನಲ್ಲಿ, ಶೇಂಗಾ ಮೂಟೆ ಇಳಿಸುವ ಹಮಾಲರ ನಡುವೆ ತಲೆಗೆ ಟವೆಲ್ ಸುತ್ತಿಕೊಂಡು ಮೇಲೆ ಬಂದ. ನನ್ನ ಹೇಳಿಕೆಯ ಬಗ್ಗೆ ಏನಾದರೂ ಅನ್ನುತ್ತಾನೆ ಅಂತ ಕಾದೆ. ಅವನು ಕೂತ, ನೀರು ಕುಡಿದ.

"ನೀನು ಹೇಳಿದ್ದು ನಿಜಾನೇ ಐತೆ. ಅದನ್ನ ಬಿಡು. ಒಳಗೆ ಹೋಗೋದ್ರೊಳಗೆ ನನ್ನ ಹಾಡು ರೆಕಾರ್ಡ್ ಮಾಡಿಕೊಡ್ತೀಯಾ?" ಅಂದ.

ಜೈಲಿನಲ್ಲಿ ಮಲಗಿದ್ದಾಗ ಅವನಿಗೆ ಒಂದೇ ಯೋಚನೆಯಂತೆ. ನಾಳೆ ನಾನು ಇಲ್ಲೇ ಉಳಿದರೆ ಹೊರಗೆ ನನ್ನದು ಅಂತ ಏನಿದೆ? ಯಾರೋ ಫೋನಿನಲ್ಲಿ ಹಿಡಿದ ಅರ್ಧಂಬರ್ಧ ವಿಡಿಯೋಗಳು. ಅದರಲ್ಲಿ ಈಗ ಎಲ್ಲರೂ ನೋಡುವುದು ಒಂದನ್ನೇ, ಕೈ ಮೇಲೆದ್ದು, ಜನ ಚೀರಿ, ಫೋನು ನೆಲಕ್ಕೆ ತಿರುಗುವುದನ್ನು. ಅದರ ಕೆಳಗೆ ಜನ ಬರೆದದ್ದನ್ನು ಅವನು ಒಂದೂ ಬಿಡದೆ ಓದುತ್ತಿದ್ದ. ಮೊಬೈಲ್ ಅಂಗಡಿಯವರು ಬೇರೆಯವನನ್ನು ನೋಡಿಕೊಂಡಿದ್ದರು. ಕಾರ್ಯಕ್ರಮಕ್ಕೆ ಕರೆಯುವವರು ಇರಲಿಲ್ಲ. ಮಕ್ಕಳು ಹೊನ್ನಕ್ಕನ ಅಡುಗೆ ಉಣ್ಣುವುದಕ್ಕೂ ಊರಲ್ಲಿ ಒಂದಿಬ್ಬರು ಗೊಣಗಿದ್ದರು.

ಒಂಬತ್ತು ಹಾಡು ಅಂತ ಅವನೇ ಗೊತ್ತು ಮಾಡಿದ. ಮುಗಿಸಲು ಹತ್ತು ತಿಂಗಳು ಹಿಡಿಯಿತು.

ಮಿಲ್ಲು ಓಡುವಾಗ ನಮ್ಮ ಕೋಣೆಯ ನೆಲ ನಡುಗುತ್ತದೆ. ಎಷ್ಟು ಕಂಬಳಿ ಹೊಡೆದರೂ ಆ ಗುಂಯ್‌ಗುಡುವ ಸದ್ದು ಮೈಕಿಗೆ ಬಂದೇ ಬರುತ್ತದೆ. ಅಮಾವಾಸ್ಯೆಗೆ ಮಾತ್ರ ಅಪ್ಪ ಮಿಲ್ಲು ನಿಲ್ಲಿಸುತ್ತಾರೆ. ಹಾಗಾಗಿ ಶುದ್ಧವಾಗಿ ರೆಕಾರ್ಡ್ ಮಾಡಲು ತಿಂಗಳಿಗೆ ಒಂದೇ ಹಗಲು. ಮೊದಲ ಅಮಾವಾಸ್ಯೆಗೆ ಮೊದಲ ಹಾಡು ಮಾಡಿದೆವು.

ನಮ್ಮೂರ ಗುಡ್ಡಕ್ಕೆ ಕಲ್ಲೇ ಬೆಳೆ
ನನ್ನ ನಾಲಿಗೆ ಮ್ಯಾಲೂ ಅದೇ ಬೆಳೆ

ಬೆಳಗ್ಗೆ ಹತ್ತಕ್ಕೆ ಶುರು ಮಾಡಿ ಹನ್ನೆರಡಕ್ಕೆ ಮುಗಿಸಿದ್ದೆವು. ಬೆವರು ಒರೆಸಿಕೊಂಡು ಅವನು ನಕ್ಕ. ಜೈಲಿನಿಂದ ಬಂದ ಮೇಲೆ ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಅವತ್ತು ನನಗೆ ಇದು ಆಗುತ್ತದೆ ಅನ್ನಿಸಿತ್ತು.

ಆಮೇಲೆ ಅವನ ವಕೀಲರಾದ ಶೈಲಜಾ ಮೇಡಂ ಹಾಡುಗಳ ಸುದ್ದಿ ಕೇಳಿ ಗಾಬರಿಯಾದರು. ಒಳ್ಳೆಯ ಹೆಂಗಸು, ಅವನಿಗೋಸ್ಕರ ನಿಜವಾಗಿ ಓಡಾಡಿದವರು. ಬರೆದದ್ದೆಲ್ಲ ತಮಗೆ ತೋರಿಸಬೇಕು ಅಂದರು. ಮೈಕು ಅನ್ನುವ ಮಾತು ಬರಬಾರದು, ಕಣ್ಣು ಬರಬಾರದು, ಸಿಟ್ಟು, ಠಾಣೆ, ಮೊಳಕಾಲ್ಮುರು ಯಾವುದೂ ಬರಬಾರದು. ನಾಳೆ ಸರ್ಕಾರಿ ವಕೀಲರು ಅದನ್ನೇ ಕೋರ್ಟಿನಲ್ಲಿ ಹಾಕಿ ಕೇಳಿಸಿದರೆ ನಾನು ಏನು ಮಾಡಲಿ ಅಂತ ಅವರ ಪ್ರಶ್ನೆ. ನಮ್ಮ ಕಡೆಯಿಂದ ಹೇಳುವುದು ಒಂದೇ, ಬೆವರಿದ ಕೈಯಿಂದ ಮೈಕು ಜಾರಿತು. ಅದು ಬಿಟ್ಟು ಇನ್ನೊಂದು ಮಾತು ಹಾಡಿನಲ್ಲೂ ಬೇಡ, ಮಾತಿನಲ್ಲೂ ಬೇಡ.

ಕೆಂಪು ಗೆರೆ ಎಳೆಸಿಕೊಂಡು ವಾಪಸು ಬಂದ ಹಾಡುಗಳು ಪುಕ್ಕ ಕಿತ್ತ ಕೋಳಿಯ ಹಾಗಿದ್ದವು. ಎರಡನೆಯದು, ಮೂರನೆಯದು ಬರೀ ಜಂಬ. ನಾನು ಹುಲಿ, ನೀನು ಇಲಿ. ಹಾಗೆ ಹಾಡುವ ಹುಡುಗರು ಊರಿಗೆ ಹತ್ತು ಜನ ಸಿಗುತ್ತಾರೆ. ಐದನೆಯದು ಪ್ರೀತಿಯ ಹಾಡು. ಜನ ಕೇಳುತ್ತಾರೆ ಅಂತ ಮಾಡಿದ್ದು. ಯಾವ ಹುಡುಗಿಯೂ ಅವನ ಮನಸ್ಸಿನಲ್ಲಿರಲಿಲ್ಲ, ಅದು ಕೇಳಿದರೆ ಗೊತ್ತಾಗುತ್ತದೆ. ನಾಲ್ಕನೆಯದು ಕರೆಂಟು ಹೋದಾಗ ಮಾಡಿದ್ದು. ಕರೆಂಟು ಹೋದರೆ ಮಿಲ್ಲು ನಿಲ್ಲುತ್ತದೆ, ನಮ್ಮ ಕಂಪ್ಯೂಟರಿಗೆ ಯುಪಿಎಸ್ ಇತ್ತು, ಇಪ್ಪತ್ತು ನಿಮಿಷ ನಡೆಯುತ್ತಿತ್ತು. ಆ ದಿನಗಳಲ್ಲಿ ಅವನು ಕೆಳಗೆ ಹಮಾಲರ ನಡುವೆಯೇ ಇರುತ್ತಿದ್ದ, ಕರೆಂಟು ಹೋಯಿತೆಂದರೆ ಊಟದ ಕೈಯಲ್ಲೇ ಎದ್ದು ಮೇಲಕ್ಕೆ ಓಡಿ ಬರುತ್ತಿದ್ದ. ಆ ಹಾಡಿನುದ್ದಕ್ಕೂ ಹಿಂದೆ ಯುಪಿಎಸ್ ಕೀಕ್ ಕೀಕ್ ಅನ್ನುವುದು ಕೇಳಿಸುತ್ತದೆ. ಇನ್ನೊಮ್ಮೆ ಮಾಡೋಣ ಅಂದೆ. ಇನ್ನೊಮ್ಮೆಗೆ ದಿನ ಎಲ್ಲಿ ಐತೆ ಅಂದ.

ಆರನೆಯದು ಅವ್ವನ ಹಾಡು. ಹೊನ್ನಕ್ಕನ ದನಿ ಬೇಕು ಅಂತ ನಾನು ಕೊಂಡ್ಲಹಳ್ಳಿ ಶಾಲೆಗೆ ಹೋಗಿ ಅಡುಗೆ ಕೋಣೆಯಲ್ಲಿ ಫೋನ್ ಹಿಡಿದೆ. ಅವಳಿಗೆ ಹಾಡಲು ನಾಚಿಕೆ. ನನ್ನನ್ನೂ ಅವಳು ಮಗನ ಹಾಗೆ ತೆಲುಗಿನಲ್ಲಿ ನಾಯನಾ ಅಂತಲೇ ಕರೆಯುವುದು. "ಏನು ನಾಯನಾ, ಈ ಹೊತ್ತಿನಾಗ ಹಾಡಾ?" ಅಂದು ಸಾರು ತಿರುವತೊಡಗಿದಳು. ಆ ತಿರುವಿದ ಸದ್ದನ್ನೇ ಅವನು ತಾಳಕ್ಕೆ ಹಾಕಿಸಿದ. ಎರಡು ಚರಣ ತೆಲುಗಿನಲ್ಲಿ, ಒಂದು ಕನ್ನಡದಲ್ಲಿ. ನಾಲ್ಕನೆಯ ಚರಣ ಬರೆಯಲು ಕೂತವನು ಮುಖ ಮುಚ್ಚಿಕೊಂಡ, ಮುಂದೆ ಬರೆಯಲಿಲ್ಲ. ಹಾಡು ನಡುವೆಯೇ ನಿಲ್ಲುತ್ತದೆ.

ಆಷಾಢದ ಹೊತ್ತಿಗೆ ಕೋರ್ಟಿನಲ್ಲಿ ಸಾಕ್ಷಿ ವಿಚಾರಣೆಗೆ ದಿನ ಗೊತ್ತಾಯಿತು. ಅವನು ತೂಕ ಇಳಿದಿದ್ದ. ಕೆಮ್ಮು ಹತ್ತಿತ್ತು. ಏಳನೆಯ ಹಾಡನ್ನು ಅದೇ ಕೆಮ್ಮಿನಲ್ಲಿ, ಓಡುವ ಮಿಲ್ಲಿನ ಮೇಲೆ, ಕೇಳುವವರನ್ನೇ ಬೈಯುತ್ತಾ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಮುಗಿದ ಮೇಲೆ ಬಾಗಿಲಿಗೆ ಒರಗಿ, ಇದು ಚೆನ್ನಾಗಿಲ್ಲ ಅಲ್ವೇನಲೇ ಸಿದ್ದ ಅಂದ. ನಾನು ಇಲ್ಲ ಅನ್ನಲಿಲ್ಲ. ಆದರೂ ಇರಲಿ ಅಂದ.

ಎಂಟನೆಯದನ್ನು ಅವನು ಶೈಲಜಾ ಮೇಡಂಗೆ ತೋರಿಸಲೇ ಇಲ್ಲ. ಬರೆದ ಹಾಳೆಯನ್ನು ನೇರವಾಗಿ ನನ್ನ ಮುಂದೆ ತಂದಿಟ್ಟ.

ಮೊದ್ಲು ಮೈಕು ಕೊಟ್ಟೋನು ನೀನು
ನನ್ನ ಬಾಯಿಗೆ ಬಾಯಿ ಇಟ್ಟೋನು ನೀನು
ಜಾರಿತು ಬೊಮ್ಮಣ್ಣ ಕೈ ನಂದು
ಜಾರಿತು ಬೊಮ್ಮಣ್ಣ ಕೈ ನಂದು

ಅಮಾವಾಸ್ಯೆಗೆ ಕಾದು ರೆಕಾರ್ಡ್ ಮಾಡಿದೆವು. ಹೇಳಬಾರದು, ಆದರೂ ಹೇಳುತ್ತೇನೆ, ಅವನ ಹಾಡುಗಳಲ್ಲೆಲ್ಲ ಅಷ್ಟು ಚೆನ್ನಾಗಿ ಕೂತದ್ದು ಬೇರೆ ಇಲ್ಲ. ಪದ ಪದವೂ ತಾಳದ ಮೇಲೆ ಬಂದು ಬೀಳುತ್ತಿತ್ತು. ಕೇಳುತ್ತಾ ನಾನೇ ಒಂದು ಗಳಿಗೆ ನಂಬಿಬಿಟ್ಟೆ, ಜಾರಿತೇನೋ ಅಂತ.

ಇದನ್ನು ಬೊಮ್ಮಣ್ಣನಿಗೆ ಕೇಳಿಸಿ ಬಾ ಅಂತ ಓಬಳೇಶ ನನ್ನ ಬೆನ್ನು ಹತ್ತಿದ. ತಾನು ಹೋದರೆ ಜಾಮೀನು ಹೋಗುತ್ತದೆ. ನಿನ್ನ ಕೈಲಿ ಕಳಿಸಿದರೂ ತಪ್ಪೇ, ಆದರೆ ನನಗೆ ಬೇರೆ ದಾರಿ ಏನೈತೆ ಅಂದ. ಮೂರು ದಿನ ತಪ್ಪಿಸಿಕೊಂಡೆ. ನಾಲ್ಕನೇ ದಿನ ಅವನು ನನ್ನ ಕಾಲು ಹಿಡಿಯಲು ಬಗ್ಗಿದ. ನಾನು ಬೈಕ್ ಹತ್ತಿದೆ.

ಬೊಮ್ಮಣ್ಣ ಅಂಗಳದಲ್ಲಿ ಕೂತು ಹಳೆಯ ವೈರುಗಳನ್ನು ಸುತ್ತಿಡುತ್ತಿದ್ದ. ಹೆಂಡತಿ ನಿರ್ಮಲಾ ನನ್ನನ್ನು ನೋಡಿ ಒಳಗೆ ಹೋದಳು, ಸ್ವಲ್ಪ ಹೊತ್ತಿಗೆ ಚಹಾದ ಪಾತ್ರೆ ತಂದು ಅವನ ಮುಂದಿಟ್ಟಳು. ಅವನು ಲೋಟಕ್ಕೆ ಬಗ್ಗಿಸುವ ಮೊದಲು ಒಂದು ಬೆರಳನ್ನು ಲೋಟದ ಅಂಚಿಗೆ ಮುಟ್ಟಿಸಿ ಇಟ್ಟುಕೊಂಡ. ಒಂದೇ ಕಣ್ಣಿಗೆ ಹತ್ತಿರ ದೂರ ತಿಳಿಯುವುದಿಲ್ಲವಂತೆ. ಹೋದ ತಿಂಗಳು ಏಣಿಯ ಮೆಟ್ಟಿಲು ತಪ್ಪಿ ಬಿದ್ದಿದ್ದನಂತೆ. ಕಂಬ ಹತ್ತುವುದನ್ನು ಬಿಟ್ಟಿದ್ದಾನೆ.

ನಾನು ಬಂದ ಕಾರಣ ಹೇಳಿದೆ. ಅವನು ಹೆಡ್‌ಫೋನಿಗೆ ಕೈ ಚಾಚಿದ. ಹಾಡು ಮುಗಿಯುವವರೆಗೆ ಇದ್ದ ಕಣ್ಣನ್ನೂ ಮುಚ್ಚಿಕೊಂಡೇ ಕೇಳಿದ. ಆಮೇಲೆ ಹೆಡ್‌ಫೋನನ್ನು ನಿಧಾನವಾಗಿ ತೆಗೆದು ನನ್ನ ತೊಡೆಯ ಮೇಲಿಟ್ಟ.

"ತಳದ ಸದ್ದು ಜಾಸ್ತಿ ಇಟ್ಟೀಯ. ಅವನ ದನಿ ಮುಚ್ಚಿಹೋಗೈತೆ, ಒಂಚೂರು ಇಳಿಸು."

ಸರಿ ಅಂದೆ.

"ಹಾಡು ಚೆನ್ನಾಗೈತೆ. ಆದರೆ ಸುಳ್ಳು ಐತೆ. ಅವನು ಎಸೆದಿದ್ದನ್ನ ನಾನು ಕಂಡೀನಪ್ಪ. ಆ ಕಣ್ಣಲ್ಲಿ ನಾನು ಕಡೇದಾಗಿ ಕಂಡಿದ್ದು ಅದನ್ನೇ."

ಅವನು ಚಹಾ ಕುಡಿದ. ಕುಡಿದು, ಎಸೆದೆ ಅಂತ ಅವನ ಬಾಯಲ್ಲಿ ಒಂದು ಸಲ ಬರಲಿ, ನಾನು ಜಡ್ಜ್ ಮುಂದೆ ಕೈಮುಗಿದು, ಇವನಿಗೆ ಕಡಿಮೆ ಶಿಕ್ಷೆ ಕೊಡಿ ಅಂತ ಕೇಳ್ಕೋತೀನಿ ಅಂದ. ಸಿಟ್ಟು ಬಂತು, ಎಸೆದ. ಸಿಟ್ಟು ನನಗೂ ಬರ್ತೈತೆ. ಆದರೆ ಜಾರಿತು ಅಂದರೆ ನನ್ನ ಕಣ್ಣು ತಾನಾಗೇ ಹೋದಂಗಾಯ್ತಲ್ಲ ಅಂದ.

"ನಾನು ಕೈಮುಗಿಯಲ್ಲ," ಅಂದಳು ಬಾಗಿಲಲ್ಲಿ ನಿಂತಿದ್ದ ನಿರ್ಮಲಾ.

ಇದನ್ನೆಲ್ಲ ಓಬಳೇಶನಿಗೆ ಹೇಳಿದಾಗ ಅವನು ಮೊದಲು ಕೂಗಾಡಿದ. ಕಡಿಮೆ ಶಿಕ್ಷೆ ಅಂದರೆ ಶಿಕ್ಷೆ ಇದ್ದೇ ಇರುತ್ತದಲ್ಲ ಅಂದ. ಶೈಲಜಾ ಮೇಡಂ ಆಗಲೇ ಹೇಳಿದ್ದರು, ಹಾಕಿರುವುದು ದೊಡ್ಡ ಸೆಕ್ಷನ್, ರಾಜಿಗೆ ಅವಕಾಶವಿಲ್ಲ. ತಪ್ಪು ಸಾಬೀತಾದರೆ ಕನಿಷ್ಠ ಒಂದು ವರ್ಷ, ಮೇಲೆ ಎಷ್ಟು ಅನ್ನುವುದು ನ್ಯಾಯಾಧೀಶರ ಕೈಯಲ್ಲಿ. ವಿಡಿಯೋದಲ್ಲಿ ಕೈ ಮೇಲೆದ್ದದ್ದು ಮಾತ್ರ ಇತ್ತು, ಎಸೆದದ್ದನ್ನು ಕಂಡೆ ಅಂತ ಹೇಳಿಕೆ ಕೊಟ್ಟವರು ಇಬ್ಬರೇ. ಒಬ್ಬ ಏಟು ತಿಂದವನು. ಇನ್ನೊಬ್ಬ ನಾನು. ಮೇಡಂ ನನಗೆ ಏನೂ ಹೇಳಿಕೊಡಲಿಲ್ಲ. ಕಂಡಿದ್ದರೆ ಕಂಡೆ ಅನ್ನಿ, ಇಲ್ಲದಿದ್ದರೆ ಇಲ್ಲ ಅನ್ನಿ ಅಂದಿದ್ದರು, ಅಷ್ಟೇ. ಅಷ್ಟೇ ಅಂದಾಗ ನನ್ನ ಮುಖ ನೋಡಲಿಲ್ಲ.

ನನ್ನ ಸಾಕ್ಷಿಗೆ ಎರಡು ದಿನವಿತ್ತು. ಅಮಾವಾಸ್ಯೆ ಬಂತು. ಮಿಲ್ಲು ನಿಂತಿತ್ತು. ಓಬಳೇಶ ಬೆಳಗ್ಗೆ ಎಂಟಕ್ಕೇ ಬಂದು ಎಂಟನೆಯದನ್ನು ಹಾಕು ಅಂದ. ಒಂದು ಪದ ಬದಲಾಯಿಸುತ್ತೇನೆ ಅಂದ.

ಎಸೆದೆ ಬೊಮ್ಮಣ್ಣ, ಕೈ ನಂದು

ಜಾರಿತು ಅನ್ನುವುದಕ್ಕೆ ನಾಲ್ಕು ಮಾತ್ರೆ. ಎಸೆದೆ ಅನ್ನುವುದಕ್ಕೆ ಮೂರೇ. ತಾಳ ಮುಂದೆ ಹೋಗುತ್ತದೆ, ಮಾತು ಒಂದು ಹೆಜ್ಜೆ ಹಿಂದೆ ನಿಲ್ಲುತ್ತದೆ. ಎಳೆದು ಹೇಳಿ ನೋಡಿದ, ಅಳುಬುರುಕನ ರಾಗವಾಯಿತು. ನಾನೇ ಎಸೆದೆ ಅಂದು ನೋಡಿದ, ಎಡವಿತು. ಮಧ್ಯಾಹ್ನದವರೆಗೆ ಅದೊಂದೇ ಸಾಲು. ಕೊನೆಗೆ ಆ ಖಾಲಿ ಮಾತ್ರೆಯನ್ನು ಖಾಲಿಯಾಗಿಯೇ ಬಿಟ್ಟು ಹೇಳಿದ. ಎಸೆದೆ. ಆಮೇಲೆ ಏನೂ ಇಲ್ಲದ ಒಂದು ಕ್ಷಣ. ಆಮೇಲೆ ಬೊಮ್ಮಣ್ಣ. ಕಂಬಳಿಗೆ ಹಣೆ ಒತ್ತಿಕೊಂಡು ಸುಮಾರು ಹೊತ್ತು ನಿಂತಿದ್ದ.

"ಇಟ್ಟಿರು. ಹಾಕಬೇಡ," ಅಂದು ಇಳಿದು ಹೋದ.

ಸಾಕ್ಷಿಯ ದಿನ ಬೆಳಗ್ಗೆ ಅಪ್ಪ ಕಾರಿನಲ್ಲಿ ನನ್ನನ್ನು ಮೊಳಕಾಲ್ಮುರಿಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಮಿಲ್ಲಿನ ಮಾತು. ಕೋರ್ಟಿನ ಗೇಟಿನ ಮುಂದೆ ಕಾರು ನಿಲ್ಲಿಸಿ, ನಮಗೆ ಯಾರ ಹಗೆಯೂ ಬೇಡ, ಕಾಣಲಿಲ್ಲ ಅಂದು ಬಂದುಬಿಡು, ಅದರಲ್ಲಿ ಯಾರಿಗೂ ಕೇಡಿಲ್ಲ ಅಂದರು. ಅಪ್ಪ ಅಂದರು ಅಂತ ನಾನು ಅಂದೆ ಎಂದರೆ ಅದೂ ಸುಳ್ಳಾಗುತ್ತದೆ. ಅಪ್ಪ ಹೇಳದಿದ್ದರೂ ನಾನು ಅದನ್ನೇ ಅನ್ನುತ್ತಿದ್ದೆ. ಓಬಳೇಶ ನನ್ನ ಕಾಲಿಗೆ ಬಗ್ಗಿದ ಬೆನ್ನು ನನ್ನ ಕಣ್ಣಿಂದ ಹೋಗಿರಲಿಲ್ಲ.

ಕಟಕಟೆಯಲ್ಲಿ ನಿಂತು, ಜನ ಅಡ್ಡ ಇದ್ದರು, ನನಗೆ ಕಾಣಲಿಲ್ಲ ಅಂದೆ. ಸರ್ಕಾರಿ ವಕೀಲರು ನನ್ನ ಹಳೆಯ ಹೇಳಿಕೆ ಓದಿದರು. ಇದನ್ನು ಹೇಳಿದ್ದು ನೀವೇ ಅಲ್ಲವೇ ಅಂದರು. ನಾನು ಹಾಗೆ ಹೇಳಿಲ್ಲ ಅಂದೆ. ಬೊಮ್ಮಣ್ಣ ಹಿಂದಿನ ಬೆಂಚಿನಲ್ಲಿ ಕೂತಿದ್ದ. ನಾನು ಇಳಿದು ಬರುವಾಗ ಅವನು ನನ್ನ ಕಡೆ ತಿರುಗಲಿಲ್ಲ. ನಿರ್ಮಲಾ ಮಾತ್ರ ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ. ಇವನೂ ಇಷ್ಟೇನಾ ಅನ್ನುವಂತಿತ್ತು.

ಆರೋಪಿಯ ಜಾಗದಿಂದ ಎಲ್ಲವನ್ನೂ ಕೇಳಿದ್ದ ಓಬಳೇಶ ಹೊರಗೆ ಬೇವಿನ ಮರದ ಕೆಳಗೆ ಬಂದು ನಿಂತ. ಅವನ ಮುಖ ಹಗುರಾಯಿತು. ಭುಜ ಕೆಳಗಿಳಿಯಿತು. ಒಂದೇ ಗಳಿಗೆ. ಆಮೇಲೆ ಬೊಮ್ಮಣ್ಣ ಮೆಟ್ಟಿಲಿಳಿದು ಬಂದ, ಕೊನೆಯ ಮೆಟ್ಟಿಲನ್ನು ಕಾಲಿನಿಂದ ತಡವಿ ನೋಡಿ ಇಳಿದ. ಓಬಳೇಶ ಮುಖ ಆ ಕಡೆ ಮಾಡಿಕೊಂಡ.

ಏಟು ತಿಂದವನ ಮಾತೊಂದರ ಮೇಲೆ ಕೇಸು ಸಾಬೀತಾಗುವುದು ಕಷ್ಟ ಅಂತ ಶೈಲಜಾ ಮೇಡಂ ಹೇಳಿದರು. ಇನ್ನು ಉಳಿದದ್ದು ಒಂದು ಹಂತ. ಸಾಕ್ಷಿಗಳು ಹೇಳಿದ್ದಕ್ಕೆ ನೀನೇನು ಹೇಳುತ್ತೀಯ ಅಂತ ನ್ಯಾಯಾಧೀಶರು ಆರೋಪಿಯನ್ನು ಕೇಳುತ್ತಾರೆ. ಎಲ್ಲಕ್ಕೂ ಸುಳ್ಳು ಅಂದರೆ ಸಾಕು. ಅದಕ್ಕೆ ಮೂರು ವಾರ ಇತ್ತು.

ಗೆದ್ದವನ ಹಾಗೆ ಅವನು ಒಂದು ದಿನವೂ ಇರಲಿಲ್ಲ. ಮಿಲ್ಲಿಗೆ ಬರುತ್ತಿದ್ದ. ಒಂಬತ್ತನೆಯ ಹಾಡಿಗೆ ತಾಳ ಹಾಕಿಸಿಕೊಂಡು ಮೈಕಿನ ಮುಂದೆ ನಿಲ್ಲುತ್ತಿದ್ದ. ಮಾತು ಬರುತ್ತಿರಲಿಲ್ಲ. ಒಂದು ದಿನ ನಾನೇ ಎರಡು ಸಾಲು ಬರೆದುಕೊಟ್ಟೆ. ಓದಿ, ಮಡಿಚಿ, ಜೇಬಿಗೆ ಹಾಕಿಕೊಂಡ. ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತಿದ್ದ. ಯಾಕೋ ಹಿಂಗಿದ್ದೀಯ, ಬಿಡುಗಡೆ ಆಗುತ್ತದಲ್ಲ ಅಂತ ನಾನು ಅಂದಿದ್ದಕ್ಕೆ, "ಕಾಣಲಿಲ್ಲ ಅಂದ್ಯಲ್ಲ ಸಿದ್ದ, ನಂಗೆ ಆವತ್ತು ಖುಷಿಯಾಯ್ತು ಕಣಲೇ. ಅದನ್ನೇ ತಡೆಯಾಕೆ ಆಗವಲ್ದು," ಅಂದ.

ಆ ದಿನ ಕೋರ್ಟಿನಲ್ಲಿ ನಾನೂ ಇದ್ದೆ. ಹೊನ್ನಕ್ಕ ಶಾಲೆಗೆ ಒಂದು ದಿನ ಬೇರೆಯವರನ್ನು ಬಿಟ್ಟು ಬಂದಿದ್ದಳು. ನ್ಯಾಯಾಧೀಶರು ಒಂದೊಂದೇ ಪ್ರಶ್ನೆ ಓದಿದರು. ಇಂಥ ದಿನ ನೀವು ಅಲ್ಲಿ ಹಾಡುತ್ತಿದ್ದಿರಿ. ನಿಜ ಅಂದ. ಧ್ವನಿ ಬಂದ್ ಮಾಡಿದ್ದಕ್ಕೆ ನಿಮಗೆ ಸಿಟ್ಟು ಬಂತು ಅಂತ ಸಾಕ್ಷಿ ಹೇಳಿದ್ದಾರೆ. ನಿಜ ಅಂದ. ಶೈಲಜಾ ಮೇಡಂ ತಲೆ ಎತ್ತಿದರು. ನೀವು ಬೇಕೆಂದೇ ಮೈಕನ್ನು ಅವರ ಕಡೆ ಎಸೆದಿರಿ ಅಂತ ಬೊಮ್ಮಣ್ಣ ಹೇಳಿದ್ದಾರೆ, ಏನು ಹೇಳುತ್ತೀರಿ?

ಓಬಳೇಶ ಕಟಕಟೆಯ ಕಂಬಿ ಹಿಡಿದುಕೊಂಡ.

"ಎಸೆದೆ ಸ್ವಾಮಿ. ಕೈ ನಂದು," ಅಂದ.

ಯೋಚನೆ ಮಾಡಿ ಹೇಳಿ ಅಂತ ನ್ಯಾಯಾಧೀಶರು ಮತ್ತೊಮ್ಮೆ ಕೇಳಿದರು. ಅವನು ಮತ್ತೊಮ್ಮೆ ಅದನ್ನೇ ಹೇಳಿದ. ಶೈಲಜಾ ಮೇಡಂ ಫೈಲು ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತರು. ಹೊನ್ನಕ್ಕನಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಶಿಕ್ಷೆ ಹೇಳುವ ದಿನ ಬೊಮ್ಮಣ್ಣ ಬಂದ. ಆಡಿದ ಮಾತಿನಂತೆ ಎದ್ದು ನಿಂತು ಕೈಮುಗಿದು, ಹುಡುಗ ನಿಜ ಒಪ್ಪಿಕೊಂಡಿದ್ದಾನೆ, ಕಡಿಮೆ ಮಾಡಿ ಅಂದ. ನಿರ್ಮಲಾ ಒಳಗೆ ಬರಲಿಲ್ಲ. ಹದಿನೈದು ತಿಂಗಳಾಯಿತು. ಪೊಲೀಸರು ಕರೆದೊಯ್ಯುವಾಗ ಓಬಳೇಶ ಬೊಮ್ಮಣ್ಣನ ಮುಂದೆ ಒಂದು ಕ್ಷಣ ನಿಂತ. ಏನಾದರೂ ಅಂದನೋ ಇಲ್ಲವೋ ನನಗೆ ಕೇಳಿಸಲಿಲ್ಲ. ಬೊಮ್ಮಣ್ಣ ತಲೆ ಆಡಿಸಿದ್ದು ಕಂಡಿತು.

ಕೋರ್ಟಿನ ಮುಂದೆ ಹೊನ್ನಕ್ಕ ಬಸ್ಸಿಗೆ ಕಾಯುತ್ತಿದ್ದಳು. ನಾನು ಪಕ್ಕದಲ್ಲಿ ನಿಂತೆ. ನನ್ನ ಕಡೆ ನೋಡದೆ ಕೇಳಿದಳು.

"ನೀನು ಕಂಡಿದ್ದೆ ಅಲ್ಲೇನು ನಾಯನಾ?"

ಹ್ಞೂಂ ಅಂದೆ. ಬಸ್ಸು ಬಂತು, ಹತ್ತಿದಳು.

ಆ ವಾರವೇ ನಾನು ಶೈಲಜಾ ಮೇಡಂ ಹತ್ತಿರ ಹೋಗಿ, ನನ್ನ ಸಾಕ್ಷಿ ಸುಳ್ಳು, ಈಗ ಹೋಗಿ ಹೇಳಿದರೆ ಏನಾಗುತ್ತದೆ ಅಂತ ಕೇಳಿದೆ. ಹೇಳಿದರೆ ನಿಮ್ಮ ಮೇಲೆ ಕೇಸು ಆಗಬಹುದು, ಆದರೆ ತೀರ್ಪು ಆಗಿಹೋಗಿದೆ, ನಿಮ್ಮ ಮಾತು ಈಗ ಯಾರಿಗೂ ಬೇಕಾಗಿಲ್ಲ ಅಂದರು. ಕಟುವಾಗಿ ಹೇಳಲಿಲ್ಲ. ನಾನು ಮೆಟ್ಟಿಲಿಳಿದು ಬಂದು ಬೈಕಿನ ಮೇಲೆ ಕೂತೆ, ಬಿಸಿಲು ಕಾಲಿಗೆ ಬರುವವರೆಗೂ ಕೂತೇ ಇದ್ದೆ.

ಆಲ್ಬಂ ಇಂಟರ್‌ನೆಟ್ಟಿಗೆ ಹಾಕಿದೆ. ಎಂಟನೆಯದು ಎಸೆದೆ ಅನ್ನುವುದೇ, ತಳದ ಸದ್ದು ಇಳಿಸಿ. ಹಾಕಬೇಡ ಅಂದಿದ್ದ, ಆದರೆ ಕೋರ್ಟಿನಲ್ಲಿ ಅವನೇ ಹೇಳಿಯಾಗಿತ್ತು. ಒಂಬತ್ತನೆಯದರಲ್ಲಿ ಮಾತಿಲ್ಲ, ಮೈಕಿನ ಮುಂದೆ ಅವನು ನಿಂತು ಉಸಿರಾಡಿದ್ದು ನಲವತ್ತು ಸೆಕೆಂಡು ಇದೆ. ಬೇರೆ ಯಾವುದನ್ನೂ ತಿದ್ದಲಿಲ್ಲ. ತಿದ್ದಬಹುದಿತ್ತು, ಮಿಲ್ಲಿನ ಸದ್ದನ್ನು ಅರ್ಧ ತೆಗೆಯಬಹುದಿತ್ತು. ಕೇಳಿದವರು ಹೆಚ್ಚಿಲ್ಲ. ಮೊದಲನೆಯದನ್ನು ಹುಡುಗರು ಫೋನಿನಲ್ಲಿ ಹಾಕಿಕೊಂಡು ಓಡಾಡುತ್ತಾರೆ. ಪ್ರೀತಿಯ ಹಾಡಿಗೆ ಜನ ನಕ್ಕರು. ಒಬ್ಬರು, ಇದನ್ನು ಯಾರು ಮಾಡಿದ್ದು, ಒಂದು ಬೆಂಕಿ ಒಂದು ಬೂದಿ ಅಂತ ಬರೆದಿದ್ದಾರೆ. ಎಂಟನೆಯದರ ಕೆಳಗೆ ಹೆಚ್ಚಾಗಿ ಬೈಗುಳವೇ ಇದೆ. ಬೊಮ್ಮಣ್ಣ ಕೇಳಿದನೋ ಇಲ್ಲವೋ ತಿಳಿಯದು. ಕೇಳುವ ಮುಖ ನನಗಿಲ್ಲ.

ಮೊದಲ ತಿಂಗಳು ನಾನು ದುರ್ಗದ ಜೈಲಿಗೆ ಹೋದೆ. ಜಾಲರಿಯ ಆಚೆ ಓಬಳೇಶ ಗಡ್ಡ ತೆಗೆಸಿಕೊಂಡು ಚಿಕ್ಕವನಾಗಿ ಕಂಡ. ಹಾಡುಗಳ ಸುದ್ದಿ ಹೇಳಿದೆ. ಕೇಳಿಸಿಕೊಂಡ. ಅವ್ವ ಉಣ್ಣುತ್ತಾಳಾ ಅಂದ. ಉಣ್ಣುತ್ತಾಳೆ ಅಂದೆ, ನನಗೆ ಗೊತ್ತಿರಲಿಲ್ಲ. ಏಳುವಾಗ, ಇನ್ನು ನೀನು ಬರಬೇಡ, ಅವ್ವನನ್ನು ಕಳಿಸು ಅಂದ. ಸಿಟ್ಟಿನಿಂದ ಅಂದನೋ, ಅವ್ವನನ್ನು ನೋಡಬೇಕೆಂದು ಅಂದನೋ, ಯೋಚಿಸಿ ಯೋಚಿಸಿ ಸಾಕಾಗಿದೆ.

ಈಗ ತಿಂಗಳಿಗೆರಡು ಸಲ ಹೊನ್ನಕ್ಕ ಬೆಳಗಿನ ಬಸ್ಸಿಗೆ ಚಳ್ಳಕೆರೆಗೆ ಬರುತ್ತಾಳೆ. ಅಲ್ಲಿಂದ ನಾನು ಬೈಕಿನಲ್ಲಿ ದುರ್ಗಕ್ಕೆ ಕರೆದುಕೊಂಡು ಹೋಗುತ್ತೇನೆ. ಹಿಂದೆ ಕೂತವಳು ನನ್ನ ಭುಜ ಹಿಡಿಯುವುದಿಲ್ಲ, ಸೀಟಿನ ಕಬ್ಬಿಣ ಹಿಡಿದುಕೊಳ್ಳುತ್ತಾಳೆ. ಅವಳು ಒಳಗೆ ಹೋಗುತ್ತಾಳೆ, ನಾನು ಗೇಟಿನ ಹೊರಗೆ ಗೋಡೆಯ ನೆರಳಲ್ಲಿ ನಿಲ್ಲುತ್ತೇನೆ. ಬಂದ ಮೇಲೆ ಹೇಗಿದ್ದಾನೆ ಅಂತ ಕೇಳುತ್ತೇನೆ. ಇದಾನೆ ಅನ್ನುತ್ತಾಳೆ. ಸೆರಗು ಸರಿಮಾಡಿಕೊಂಡು ಬೈಕು ಹತ್ತುತ್ತಾಳೆ.